ಊರಿಗೆ ಬರುತ್ತಿದ್ದ ವಿಜ್ಞಾನ

ಚಿನ್ನದ ಗಣಿಯ ಮಾತು ಬಂದರೆ ಕೋಲಾರ ಜಿಲ್ಲೆಯವರಾದ ನಾವು ಎದೆಯುಬ್ಬಿಸುತ್ತೇವೆ. ಅದೇ ಗಣಿಯೊಳಗೆ ನಡೆದ ಇನ್ನೊಂದು ಹುಡುಕಾಟದ ಸುದ್ದಿ ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್‌ನ ವಿಜ್ಞಾನಿಗಳ ಜತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಜಾಡು ಹಿಡಿದರು. ಅಷ್ಟು ದಪ್ಪದ ಬಂಡೆ ಮಿಕ್ಕ ಕಣಗಳನ್ನೆಲ್ಲ ಹೆಚ್ಚುಕಡಿಮೆ ತಡೆದುಬಿಡುತ್ತದೆ. ನ್ಯೂಟ್ರಿನೊ ಮಾತ್ರ ಭೂಮಿಯನ್ನೇ ತೂರಿಕೊಂಡು ಬರುತ್ತದೆ. ಆ ತಂಡದ ಹಿರಿಯರಲ್ಲಿ ಒಬ್ಬರಾದ ಬಿ.ವಿ. ಶ್ರೀಕಂಠನ್ ಮೈಸೂರು ಸೀಮೆಯವರೇ.

ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ಪಾಠಪುಸ್ತಕದಿಂದಲ್ಲ, ಊರಿನ ವಿಜ್ಞಾನ ಭಾಷಣಗಳಿಂದ. ಹೈಸ್ಕೂಲಿನ ಹಾಲ್‌ನಲ್ಲಿ ಜಮಖಾನ ಹಾಸುತ್ತಿದ್ದರು. ಭಾಷಣಕಾರರು ಬೆಂಗಳೂರಿನ ಬಸ್ಸಿಳಿದು, ಸ್ಲೈಡುಗಳ ಡಬ್ಬಿ ಹಿಡಿದು ಬರುತ್ತಿದ್ದರು. ಕರೆಂಟು ಹೋದರೆ ಕಪ್ಪು ಹಲಗೆ, ಸೀಮೆಸುಣ್ಣ. ಭಾಷಣ ಮುಗಿದ ಮೇಲೇ ನಿಜವಾದ ಸಭೆ ಶುರುವಾಗುತ್ತಿತ್ತು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರ ಪ್ರಶ್ನೆ ಅರ್ಧ ತೆಲುಗಿನಲ್ಲಿ, ಉತ್ತರ ಕನ್ನಡದಲ್ಲಿ. ಆ ಕಣ ನಮ್ಮ ಮೈಯೊಳಗೂ ಹಾದುಹೋಗುತ್ತದಾ ಸಾರ್? ಹೋಗುತ್ತದೆ, ಈಗಲೂ ಹೋಗುತ್ತಿದೆ. ಹಾಗಾದರೆ ಏನೂ ಆಗಲ್ವಾ? ಅದರಿಂದ ನಮ್ಮ ಮಾವಿನ ಬೆಳೆಗೇನು ಲಾಭ? ಯಾರೂ ನಗುತ್ತಿರಲಿಲ್ಲ. ಕೆಲವು ಪ್ರಶ್ನೆಗಳಿಗೆ ಆ ದೊಡ್ಡ ಮನುಷ್ಯರು ‘ಇದು ನಮಗೂ ಇನ್ನೂ ಗೊತ್ತಿಲ್ಲ’ ಎನ್ನುತ್ತಿದ್ದರು. ಸಂಶೋಧನೆ ಎಂದರೇನೆಂದು ನನಗೆ ಅರ್ಥವಾದದ್ದು ಆ ಮಾತಿನಿಂದಲೇ.

ಈ ಪರಂಪರೆ ಚಿಕ್ಕದಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆ ಹೊರಡಿಸಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಕೈಯಗಲದ ಪುಸ್ತಕಗಳಾಗಿ ಮನೆ ಸೇರುತ್ತಿದ್ದವು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರಂತೂ ನಮ್ಮವರು: ಅವರು ಹುಟ್ಟಿದ ಗೌರಿಬಿದನೂರು ತಾಲ್ಲೂಕಿನ ಹೊಸೂರು, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಕೋಲಾರಕ್ಕೇ ಸೇರಿತ್ತು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರದ ಸಂಜೆ ಫೋರಂನ ಭಾಷಣಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಮಾಲೂರಿನವರಿಗೆ ಅಲ್ಲಿಗೆ ಹೋಗಲು ರೈಲಿತ್ತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇಂಥ ಭಾಷಣಗಳನ್ನು ತಾಲ್ಲೂಕುಗಳಿಗೂ, ‘ಬಾಲ ವಿಜ್ಞಾನ’ ಪತ್ರಿಕೆಯನ್ನು ಶಾಲೆಗಳಿಗೂ ತಲುಪಿಸಿತು.

ಈಗ ನಮ್ಮ ಕಡೆ ಆ ಭಾಷಣಗಳ ಪರಂಪರೆ ಫೆಬ್ರವರಿ 28ರ ಒಂದು ದಿನಕ್ಕೆ ಇಳಿದಿದೆ. 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದ ದಿನವೆಂದು ದೇಶವೆಲ್ಲ ಆಚರಿಸುವ ತಾರೀಖು ಅದು. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ್ದೂ ಅದೇ ತಾರೀಖಿಗೆ. ಅದಕ್ಕೂ ಮೊದಲೇ ಆಳದ ಪ್ರಯೋಗಗಳು ನಿಂತುಹೋಗಿದ್ದವು. ಪ್ರೋಟಾನು ಎಂದಾದರೂ ಕ್ಷಯಿಸುತ್ತದೆಯೇ ಎಂದು 140 ಟನ್ ಸಾಧನವನ್ನು ಗಣಿಗಿಳಿಸಿ ಕಾದಿದ್ದವರೂ ಹೊರಟುಹೋಗಿದ್ದರು. ಫೆಬ್ರವರಿ 28ರ ಇಂದಿನ ಸಮಾರಂಭದಲ್ಲಿ ಹಾರ, ಶಾಲು, ಗ್ರೂಪ್ ಫೋಟೋ, ಇಂಗ್ಲಿಷಿನಲ್ಲೊಂದು ಪವರ್‌ಪಾಯಿಂಟ್. ವೇಳೆ ಮೀರಿತೆಂದು ಕತ್ತರಿ ಬೀಳುವುದು ಪ್ರಶ್ನೋತ್ತರಕ್ಕೇ.

ಮೊಬೈಲಿನಲ್ಲಿ ಇದಕ್ಕಿಂತ ಒಳ್ಳೆಯ ಭಾಷಣಗಳಿವೆ, ನಿಜ; ನಾನೂ ಕೇಳುತ್ತೇನೆ. ಆದರೆ ಅವು ನಮ್ಮೂರಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪ್ರಶ್ನೆಗಳಿಗೇನೂ ಬರವಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ್ದ ಕೊಳವೆಬಾವಿಗೆ ನೀರು ಬಂತೆಂದು ಒಬ್ಬರು ಹಿಗ್ಗಿದರೆ, ಮೂರನೇ ಹಂತದ ಶುದ್ಧೀಕರಣ ಎಲ್ಲಿ ಎಂದು ಇನ್ನೊಬ್ಬರು ಸಿಟ್ಟಾಗುತ್ತಾರೆ. ಸಂಶೋಧಕರು ಕೆರೆಗೆ ಬಂದು ನೀರಿನ ಮಾದರಿ ಒಯ್ಯುತ್ತಾರೆ, ಪ್ರಬಂಧ ಬರೆಯುತ್ತಾರೆ. ಆ ನೀರಿನಲ್ಲಿ ಟೊಮ್ಯಾಟೊ ಬೆಳೆಯುವವನ ಕಿವಿಗೆ ಬೀಳುವುದು ಮಾತ್ರ ಟೀ ಅಂಗಡಿಯ ವಾದ, ವಾಟ್ಸ್‌ಆ್ಯಪ್ ಸುದ್ದಿ.

ಕಣ್ಣಿಗೇ ಕಾಣದ ಕಣದ ಬಗ್ಗೆ ಹಿಂದೆ ನಮ್ಮ ಜಿಲ್ಲೆಯವರು ವಿಜ್ಞಾನಿಯನ್ನು ನಿಲ್ಲಿಸಿ ಕೇಳಿದ್ದರು. ದಿನಾ ಕಣ್ಣೆದುರಿಗೇ ಹರಿಯುವ ನೀರಿನ ಬಗ್ಗೆ ಕೇಳಲು ಇವತ್ತು ಒಂದು ಹಾಲ್ ಇಲ್ಲ, ಒಂದು ಸಂಜೆ ಇಲ್ಲ, ಬಸ್ಸಿಳಿದು ಬರುವವರೂ ಇಲ್ಲ.