ಬೆಳಕು ಹಿಡಿದವರು

ಬೆಳಕಿಗೆ ಜಾತಿಯಿಲ್ಲ ಎಂದು ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಹೇಳುತ್ತಿದ್ದರು. ಇರಬಹುದು. ಆದರೆ ಬೆಳಕನ್ನು ಯಾರು ಹಿಡೀಬೇಕು, ಅದು ಯಾರ ಮುಖದ ಮೇಲೆ ಬೀಳಬೇಕು ಅನ್ನೋದಕ್ಕೆ ನಮ್ಮೂರಲ್ಲಿ ಜಾತಿ ಇತ್ತು. ನಮ್ಮ ಮುತ್ತಾತ ಊರಗೌಡರ ಮನೆಯ ಮದುವೆ ಮೆರವಣಿಗೆಯಲ್ಲಿ ಪಂಜು ಹಿಡಿದ. ನಮ್ಮ ತಾತ ಪೆಟ್ರೋಮ್ಯಾಕ್ಸ್ ಹೊತ್ತ. ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ಬುಸುಗುಟ್ಟುವ ದೀಪ. ಮದುವೆ ಗಂಡಿನ ಮುಖ ಫಳಫಳ ಹೊಳೀತಿತ್ತು. ಹೊತ್ತವನ ಮುಖದ ಮೇಲೆ ದೀಪದ ಬುಡದ ನೆರಳು. ನಾನು ಬಿ.ಎ. ಓದುವಾಗ ಕೈಖರ್ಚಿಗೆಂದು ಮದುವೆ ವಿಡಿಯೋದವರ ಜತೆ ಲೈಟ್ ಹಿಡಿಯೋ ಹುಡುಗನಾಗಿ ಹೋದೆ. ನಾಲ್ಕನೇ ತಲೆಮಾರಿಗೆ ಬೆಳಕು ತಲೆಯಿಂದ ಕೈಗೆ ಇಳಿದಿತ್ತು. ಅಷ್ಟೇ ಪ್ರಗತಿ.

ಆ ಕೆಲಸದಲ್ಲಿ ನನಗೆ ಪರಿಚಯವಾದದ್ದು ಸಣ್ಣ ಫ್ಲಾಶು. ಒಂದು ಕೈಯಲ್ಲಿ ಹಿಡಿಯುವಷ್ಟು ಕರೀ ಡಬ್ಬಿ, ಒಳಗೆ ನಾಲ್ಕು ಪೆನ್ಸಿಲ್ ಸೆಲ್ಲು. ಆ ಸೆಲ್ಲುಗಳ ಚಿಲ್ಲರೆ ಕಾಸಿನಂಥ ವಿದ್ಯುತ್ತನ್ನು ಒಳಗಿನ ಸರ್ಕ್ಯೂಟು 300 ವೋಲ್ಟಿನ ಆಸುಪಾಸಿಗೆ ಏರಿಸಿ ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಗುಂಡಿ ಒತ್ತಿದರೆ ಕೂಡಿಟ್ಟದ್ದೆಲ್ಲ ಕ್ಸೆನಾನ್ ಅನಿಲ ತುಂಬಿದ ಪುಟ್ಟ ಕೊಳವೆಯೊಳಗೆ ಒಂದೇ ಏಟಿಗೆ ಸಿಡಿಯುತ್ತದೆ. ಕಣ್ಣು ಮಿಟುಕಿಸುವ ಮೊದಲೇ ಬಂದು ಹೋಗುವ ಬೆಳಕು. ದೊಡ್ಡ ಸ್ಟುಡಿಯೋಗಳಲ್ಲಿ ಆಳೆತ್ತರದ ದೀಪಗಳಿರುತ್ತವೆ, ಗೋಡೆಯ ಕರೆಂಟು ಬೇಕು. ಈ ಡಬ್ಬಿಗೆ ಅದೇನೂ ಬೇಡ. ಕರೆಂಟಿಲ್ಲದ ಗುಡಿಸಲಿಗೂ ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಅದಕ್ಕೇ ಇದು ನಮ್ಮಂಥವರ ಸಾಧನ ಅನ್ನಿಸಿತು.

ಆದರೆ ಸಾಧನ ತನ್ನಷ್ಟಕ್ಕೆ ಯಾರ ಪರವೂ ಅಲ್ಲ. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಷಿಯಂ ಬೆರೆಸಿದ ಫ್ಲಾಶ್ ಪುಡಿ ಬಂತು. ಆ ಸುದ್ದಿ ಓದಿದ ಜೇಕಬ್ ರೀಸ್ ಎಂಬ ಪತ್ರಕರ್ತ ಅದನ್ನು ಹಿಡಿದು ರಾತ್ರಿ ಹೊತ್ತು ನ್ಯೂಯಾರ್ಕಿನ ಕೊಳೆಗೇರಿಗಳಿಗೆ ನುಗ್ಗಿದ. ಮೊದಮೊದಲು ಆ ಪುಡಿಯನ್ನು ಪಿಸ್ತೂಲಿನಂಥದ್ದರಲ್ಲಿ ಸಿಡಿಸುತ್ತಿದ್ದರು. ಐದು ಸೆಂಟಿಗೆ ಒಂದು ಜಾಗದಂತೆ ಇಕ್ಕಟ್ಟಿನ ಕೋಣೆಯಲ್ಲಿ ಮಲಗಿದ ಕೂಲಿಗಳ ಚಿತ್ರ ತೆಗೆದ. 1890ರಲ್ಲಿ ಅವನ ಪುಸ್ತಕ ‘ಹೌ ದಿ ಅದರ್ ಹಾಫ್ ಲಿವ್ಸ್’ ಬಂದಾಗ ಉಳ್ಳವರು ಬೆಚ್ಚಿದರು. ಬಡವರ ವಸತಿಯ ಕಾನೂನು ಸುಧಾರಣೆಗೆ ಆ ಚಿತ್ರಗಳೂ ಒತ್ತಾಸೆಯಾದವು. ಇದು ಸಣ್ಣ ಕೆಲಸವಲ್ಲ. ಆದರೂ ಆ ಚಿತ್ರದೊಳಗಿನ ಮುಖ ನೋಡಿ. ನಿದ್ದೆಗಣ್ಣಲ್ಲಿ ತಲೆಯೆತ್ತಿ, ಬೆಳಕಿನ ಏಟು ತಿಂದ ಮುಖ. ನಮ್ಮ ಕೇರಿಗಳಿಗೂ ಕ್ಯಾಮೆರಾ ಬರೋದು ಹೆಚ್ಚಾಗಿ ಗುಡಿಸಲು ಸುಟ್ಟಾಗ, ಹೆಣ ಬಿದ್ದಾಗ. ಆಗ ಫ್ಲಾಶು ಹೊಡೆಯುತ್ತದೆ. ಅತ್ತು ಊದಿದ ಮುಖವೊಂದು ಮಾರನೇ ದಿನದ ಪೇಪರಿನಲ್ಲಿರುತ್ತದೆ. ಆ ಮುಖ ಬೇರೆ ದಿನ ನಕ್ಕಿರಬಹುದು ಅನ್ನೋದು ಯಾರಿಗೂ ಬೇಕಿಲ್ಲ.

ಕ್ಯಾಮೆರಾದ ಮೇಲೇ ಕೂತು ನೇರ ಮುಖಕ್ಕೆ ಹೊಡೆಯುವ ಫ್ಲಾಶು ಪೊಲೀಸಿನವನ ಟಾರ್ಚಿನ ಹಾಗೆ. ಮೂಗಿನ ಏರು, ಕೆನ್ನೆಯ ಇಳಿಜಾರು, ಹಣೆಯ ಗೆರೆ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಕಪ್ಪು ಮೈಯವರಿಗಂತೂ ಬೆವರಿದ್ದ ಕಡೆ ಬಿಳೀ ಚುಕ್ಕೆ ಉರಿಯುತ್ತದೆ, ಉಳಿದದ್ದು ಮಸಿ. ಇದರ ಮೇಲೆ ಕ್ಯಾಮೆರಾದ ಲೆಕ್ಕ ಬೇರೆ. ಎದುರಿಗಿರೋದೆಲ್ಲ ಸೇರಿ ಸರಾಸರಿ ಬೂದು ಬಣ್ಣ ಅಂತ ನಂಬಿಕೊಂಡು ಅದು ಬೆಳಕನ್ನು ಅಳೆಯುತ್ತದೆ. ಚಿತ್ರದ ತುಂಬ ಕಪ್ಪು ಮುಖವೇ ಇದ್ದರೆ ಕತ್ತಲಿದೆ ಅಂದುಕೊಂಡು ಬೆಳಕು ಸುರಿದು ಮುಖಕ್ಕೆ ಬೂದಿ ಬಳಿಯುತ್ತದೆ. ಅದೇ ಮುಖ ಬಿಳೀ ಗೋಡೆ ಮುಂದೆ, ಬಿಳೀ ಅಂಗಿಯವರ ನಡುವೆ ನಿಂತರೆ ಬೆಳಕು ಸಾಕು ಅಂತ ಕೈ ಬಿಗಿಹಿಡಿದು ಅದನ್ನು ಕತ್ತಲಿಗೆ ದೂಡುತ್ತದೆ.

ಯಂತ್ರದ ಅಳತೆಯ ಹಿಂದೆ ಮನುಷ್ಯರ ಅಳತೆ ಇರುತ್ತದೆ. ಅಮೆರಿಕದ ಕೊಡಾಕ್ ಕಂಪನಿ ಬಣ್ಣದ ಪ್ರಿಂಟು ಸರಿಯಾಗಿ ಬಂದಿದೆಯೇ ಎಂದು ಹೋಲಿಸಿ ನೋಡಲು ಲ್ಯಾಬುಗಳಿಗೆ ಒಂದು ಕಾರ್ಡು ಕೊಡುತ್ತಿತ್ತು. ಅದರಲ್ಲಿ ಒಬ್ಬ ಬಿಳೀ ಹೆಂಗಸಿನ ಚಿತ್ರ. ಮೊದಲು ಕೂತ ಹೆಂಗಸಿನ ಹೆಸರಿನಿಂದ ಅದು ‘ಶರ್ಲಿ ಕಾರ್ಡು’ ಆಯಿತು. ಶರ್ಲಿಯ ಚರ್ಮ ಸರಿಯಾಗಿ ಬಂದರೆ ಜಗತ್ತೇ ಸರಿಯಾಗಿ ಬಂದಂತೆ. ಬೇರೆ ಬೇರೆ ಬಣ್ಣದ ಹೆಂಗಸರನ್ನು ಒಟ್ಟಿಗೆ ಕೂರಿಸಿದ ಕಾರ್ಡು ಬರೋದಕ್ಕೆ 1990ರ ದಶಕ ಬೇಕಾಯಿತು.

ಇನ್ನೊಂದು ಕತೆಯಿದೆ. 1970ರಲ್ಲಿ ಅಮೆರಿಕದ ಪೊಲರಾಯ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಎಂಬ ಇಬ್ಬರು ಕರಿಯರಿಗೆ ಒಂದು ವಿಷಯ ಗೊತ್ತಾಯಿತು. ದಕ್ಷಿಣ ಆಫ್ರಿಕಾದಲ್ಲಿ ಕರಿಯರ ಪಾಸ್‌ಬುಕ್ಕಿನ ಫೋಟೋ ತಮ್ಮ ಕಂಪನಿಯ ಯಂತ್ರದಲ್ಲೇ ತಯಾರಾಗುತ್ತಿತ್ತು. ಆ ಬುಕ್ಕಿಲ್ಲದೆ ಕರಿಯನೊಬ್ಬ ತನ್ನ ನೆಲದಲ್ಲೇ ಓಡಾಡುವಂತಿರಲಿಲ್ಲ. ಇಬ್ಬರೂ ಹೋರಾಟ ಹೂಡಿದರು. ಹಂಟರ್ ಅವರನ್ನು ಕೆಲಸದಿಂದ ತೆಗೆದರು. ಕೊನೆಗೆ 1977ರಲ್ಲಿ ಕಂಪನಿ ಆ ದೇಶದಿಂದ ಕಾಲ್ತೆಗೆಯಿತು. ಗುರುತಿನ ಚೀಟಿಗೆಂದೇ ಆ ಕಂಪನಿ ಮಾಡಿದ ಐಡಿ-2 ಕ್ಯಾಮೆರಾದಲ್ಲಿ ಫ್ಲಾಶಿನ ಬೆಳಕು ಹೆಚ್ಚಿಸುವ ಗುಂಡಿಯೊಂದಿತ್ತು. ಪಾಸ್‌ಬುಕ್ಕಿನಲ್ಲಿ ಮುಖ ಚೆನ್ನಾಗಿ ಕಾಣಬೇಕಾದದ್ದು ಪ್ರೀತಿಗಲ್ಲ, ಹಿಡಿದು ನಿಲ್ಲಿಸೋದಕ್ಕೆ.

ಕಪ್ಪಗಿರೋರೆಲ್ಲ ನಾವು, ಬೆಳ್ಳಗಿರೋರೆಲ್ಲ ಅವರು ಅಂತ ನಾನು ಹೇಳುತ್ತಿಲ್ಲ. ನಮ್ಮ ಕೇರಿಯಲ್ಲೂ ಕೆಂಪಗಿರೋರಿದ್ದಾರೆ, ಅಗ್ರಹಾರದಲ್ಲೂ ಕಪ್ಪಗಿರೋರಿದ್ದಾರೆ. ಆದರೆ ಕಪ್ಪು ಕೊಳಕು, ಬಿಳುಪು ಶುದ್ಧ ಅನ್ನೋ ಲೆಕ್ಕ, ಮುಟ್ಟಬಹುದು ಮುಟ್ಟಬಾರದು ಅನ್ನೋ ಲೆಕ್ಕದ ದಾಯಾದಿ. ಬಿಸಿಲಲ್ಲಿ ದುಡಿದ ಮೈಗೆ ಅವಮಾನ ಅಂಟಿಸೋದೇ ಎರಡರ ಕೆಲಸ.

ನಮ್ಮಪ್ಪ ಸತ್ತಾಗ ಮನೇಲಿ ಅವನ ಫೋಟೋ ಇರಲಿಲ್ಲ. ಇದ್ದದ್ದು ಓಟಿನ ಗುರುತಿನ ಚೀಟಿಯ ಸಣ್ಣ ಚಿತ್ರ. ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆವು. ತಿಥಿಯ ಹೊತ್ತಿಗೆ ಕಟ್ಟು ಹಾಕಿಸಿ ತಂದರೆ, ಒಳಗೆ ಕೋಟು ತೊಟ್ಟ, ಗುಲಾಬಿ ಕೆನ್ನೆಯ ಯಾರೋ ಸಾಹುಕಾರ ಕೂತಿದ್ದ. ಅವ್ವ ಬಹಳ ಹೊತ್ತು ನೋಡಿದಳು. ‘ಇವನ್ಯಾರ್ಲಾ? ನನ್ ಗಂಡ ಎಲ್ಲವ್ನೆ?’ ಅಂದಳು. ಸ್ಟುಡಿಯೋದವನನ್ನು ಕೇಳಿದರೆ ‘ಕಲರ್ ಮಾಡ್ಕೊಟ್ಟಿದೀನಲ್ಲಪ್ಪ, ಅದಕ್ಕೆ ಎಕ್ಸ್‌ಟ್ರಾ ದುಡ್ಡೂ ಕೇಳ್ಲಿಲ್ಲ’ ಅಂದ. ಅವನ ಪ್ರಕಾರ ಅದು ಉಪಕಾರ. ಬದುಕಿದ್ದಾಗ ಅಪ್ಪನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರು. ಸತ್ತ ಮೇಲೆ ಅವನ ಬಣ್ಣವನ್ನೇ ತೊಳೆದರು. ನಾವು ಹಾರ ಹಾಕಿದ್ದು ಆ ಅಪರಿಚಿತನಿಗೆ.

ಆಮೇಲೆ ನಾನು ಹಳೇ ಕ್ಯಾಮೆರಾ, ಹಳೇ ಫ್ಲಾಶು ಕೊಂಡು ಭಾನುವಾರಗಳಲ್ಲಿ ಕೇರಿಯವರ ಚಿತ್ರ ತೆಗೆಯೋಕೆ ಶುರುಮಾಡಿದೆ. ಹೇಳಿಕೇಳಿ, ಅವರು ಬಿಡುವಾದಾಗ, ಬದುಕಿದ್ದಾಗ.

ಮೊದಲ ಪಾಠ: ಫ್ಲಾಶನ್ನು ಕ್ಯಾಮೆರಾದ ತಲೆ ಮೇಲಿಂದ ಇಳಿಸಬೇಕು. ಒಂದು ಸಣ್ಣ ರೇಡಿಯೋ ಟ್ರಿಗರ್ ಇದ್ದರೆ ತಂತಿಯೂ ಬೇಡ. ಕೂತವರ ಪಕ್ಕಕ್ಕೆ, ಕಣ್ಣಿಗಿಂತ ಕೊಂಚ ಮೇಲಕ್ಕೆ ಇಟ್ಟರೆ ಇನ್ನೊಂದು ಕೆನ್ನೆಗೆ ನೆರಳು ಇಳಿಯುತ್ತದೆ. ನೆರಳಿನ ಜತೆಗೇ ಮುಖಕ್ಕೆ ಆಕಾರ ಬರುತ್ತದೆ. ಫ್ಲಾಶಿನ ಮೂತಿಯನ್ನು ಬಿಳೀ ಚಾವಣಿಗೆ ತಿರುಗಿಸಿ, ಬೆಳಕು ಹರಡಿಕೊಂಡು ಮೆತ್ತಗೆ ಇಳಿಯುತ್ತದೆ ಅಂತ ಪುಸ್ತಕಗಳು ಹೇಳುತ್ತವೆ. ಯಾವ ಚಾವಣಿ ಸ್ವಾಮಿ? ನಮ್ಮ ತಲೆ ಮೇಲಿರೋದು ಹೊಗೆ ಹಿಡಿದ ನಾಡಹೆಂಚು, ಇಲ್ಲ ತಗಡು. ಗೋಡೆ ನೀಲಿ, ಇಲ್ಲ ಗಿಣಿಹಸಿರು. ಅದಕ್ಕೆ ಬಡಿದ ಬೆಳಕು ಅದೇ ಬಣ್ಣವನ್ನು ತಂದು ಮುಖಕ್ಕೆ ಬಳಿಯುತ್ತದೆ. ಹಾಗಾಗಿ ನಾನು ಬಿಳೀ ಪಂಚೆಯನ್ನು ಹಗ್ಗಕ್ಕೆ ನೇತುಹಾಕಿ ಅದರ ಹಿಂದಿನಿಂದ ಫ್ಲಾಶು ಹೊಡೆಯುತ್ತೇನೆ. ಪಂಚೆಯಗಲದ ಕಿಟಕಿ ತೆರೆದಂತಾಗುತ್ತದೆ. ಬೆಳಕಿನ ಮೂಲ ಅಗಲವಾದಷ್ಟೂ, ಹತ್ತಿರವಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಇನ್ನೊಂದು ಪಕ್ಕಕ್ಕೆ ಮದುವೆ ಮನೆಯಲ್ಲಿ ಬಿಸಾಕಿದ ಥರ್ಮೋಕೋಲ್ ಹಲಗೆ ಇಟ್ಟರೆ ಅದು ನೆರಳಿಗೆ ಒಂದಿಷ್ಟು ಬೆಳಕು ವಾಪಸು ಕೊಡುತ್ತದೆ.

ಕಪ್ಪು ಚರ್ಮಕ್ಕೆ ಬೇಕಾದದ್ದು ಬರೀ ಜಾಸ್ತಿ ಬೆಳಕಲ್ಲ. ಅದು ತನ್ನ ಆಕಾರವನ್ನು ಹೊಳಪಿನಲ್ಲಿ ತೋರುತ್ತದೆ, ಎಣ್ಣೆ ಸವರಿದ ಬೀಟೆ ಮರದ ಹಾಗೆ. ಬೆಳಕಿನ ಮೂಲ ಅಗಲವಿದ್ದರೆ ಆ ಹೊಳಪೂ ಅಗಲವಾಗಿ ಕೆನ್ನೆಮೂಳೆಯ ಮೇಲೆ ಹರಿಯುತ್ತದೆ. ಬೆಳಕೆಷ್ಟು ಅನ್ನೋದನ್ನು ಯಂತ್ರದ ಲೆಕ್ಕಕ್ಕೆ ಬಿಡದೆ ಕೈಯಿಂದಲೇ ಹೆಚ್ಚುಕಡಿಮೆ ಮಾಡಿ ಇಡಬೇಕು.

ನಮ್ಮ ಬೀದಿಯ ಅಜ್ಜಿಯೊಬ್ಬಳು ‘ಬೆಳ್ಳಗೆ ಬರಂಗೆ ತೆಗಿ ಮಗ’ ಅಂತಲೇ ಬಂದು ಕೂತಳು. ‘ನೀನಿರೋ ಹಂಗೆ ತೆಗೀತೀನಿ ಕಣಜ್ಜಿ. ನೋಡು, ಸರಿಯಿಲ್ದಿದ್ರೆ ಆಮೇಲೆ ಬಯ್ಯಿ’ ಅಂದೆ. ಪಂಚೆಯ ಹಿಂದೆ ಬೆಳಕು ಮಿಂಚಿತು. ಪರದೆಯಲ್ಲಿ ತೋರಿಸಿದೆ. ಹಣೆ ಮೇಲಿನ ಹಚ್ಚೆಯ ಒಂದೊಂದು ಚುಕ್ಕೆಯೂ ಕಾಣುತ್ತಿತ್ತು. ಎರಡೂ ಕಣ್ಣೊಳಗೆ ಚೌಕನೆಯ ಪುಟ್ಟ ಬೆಳಕು. ಅಜ್ಜಿ ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದಳು. ‘ನಮ್ಮವ್ವ ಕಣ್ಲಾ ಇದು’ ಅಂದಳು. ಅವಳ ಅವ್ವ ಸತ್ತು ಐವತ್ತು ವರ್ಷ ದಾಟಿದೆ, ಒಂದು ಚಿತ್ರವೂ ಇಲ್ಲ. ಅಜ್ಜಿಯನ್ನು ನಾನು ಬೆಳ್ಳಗೆ ಮಾಡಿದ್ದರೆ ಆ ಅವ್ವ ಅವಳಿಗೆ ಸಿಗುತ್ತಿರಲಿಲ್ಲ.

ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ ಒಂದು ಮಾತು. ಶಾಲೆಯ ವಾರ್ಷಿಕೋತ್ಸವದ ಸಂಜೆ ಗುಂಪು ಫೋಟೋ ತೆಗೆಸುತ್ತೀರಿ. ಮುಂದೆ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಹಿಂದೆ ಬೆಂಚಿನ ಮೇಲೆ ಯಾರು ನಿಲ್ಲುತ್ತಾರೆ ಅಂತ ನಿಮಗೆ ಗೊತ್ತು. ಬೆಳಕಿನ ಲೆಕ್ಕವನ್ನೂ ತಿಳಿದುಕೊಳ್ಳಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಫ್ಲಾಶು ಮುಂದಿನ ಸಾಲಿನಿಂದ 2 ಮೀಟರ್, ಹಿಂದಿನ ಸಾಲಿನಿಂದ 4 ಮೀಟರ್ ಇದ್ದರೆ ಹಿಂದಿನ ಮಗುವಿಗೆ ಸಿಗೋದು ಮುಂದಿನವರಿಗೆ ಸಿಕ್ಕಿದ್ದರ ಕಾಲುಪಾಲು. ಅದೇ ಫ್ಲಾಶನ್ನು ಇನ್ನೂ 4 ಮೀಟರ್ ಹಿಂದಕ್ಕೆ ಒಯ್ದು ಎತ್ತರಕ್ಕೆ ಹಿಡಿದು, ಬಲ ಹೆಚ್ಚಿಸಿ. ಆಗ ಹಿಂದಿನ ಸಾಲಿಗೆ ಮುಂದಿನವರ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. ಮುಂದಿದ್ದವರ ಬೆಳಕು ಕಿತ್ತುಕೊಳ್ಳಬೇಕಾಗಿಲ್ಲ, ದೀಪ ಇಡೋ ಜಾಗ ಬದಲಾಗಬೇಕು. ದೀಪ ಹಿಡಿಯೋಕೆ ಒಬ್ಬ ಹುಡುಗನನ್ನು ನಿಲ್ಲಿಸಿದರೆ, ಒಂದು ಚಿತ್ರವಾದ ಮೇಲೆ ಅವನನ್ನು ಸಾಲಿಗೆ ಕರೆದು ನಿಲ್ಲಿಸಿ. ಮುಂದಿನ ಚಿತ್ರಕ್ಕೆ ದೀಪವನ್ನು ನೀವು ಹಿಡಿಯಿರಿ.