ಅಂಟು–ನಂಟು

ಕನ್ನಡ ಪಾಠ ಹೇಳುವವನಿಗೆ ಮೊಣಕಾಲಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನಮ್ಮ ಬೋರಗಾಂವದ ಸೀಮೆಯಲ್ಲಿ ಕಬ್ಬಿನಷ್ಟೇ ಕುಸ್ತಿಯ ಹುಚ್ಚೂ ಉಂಟು; ಕೊಲ್ಲಾಪುರದ ತಾಲೀಮುಗಳ ಗಾಳಿ ಇಲ್ಲಿಯವರೆಗೂ ಬೀಸುತ್ತದೆ. ನನ್ನ ಅಕ್ಕನ ಮಗ, ಇಪ್ಪತ್ತೆರಡರ ತರುಣ, ಹಿಂದಿನ ವರ್ಷ ಅಖಾಡದಲ್ಲಿ ಮೊಣಕಾಲು ತಿರುಚಿಕೊಂಡು ಬಿದ್ದ. ಎಲುಬು ಮುರಿದಿರಲಿಲ್ಲ. ಮುರಿದಿದ್ದರೇ ಲೇಸಾಗಿತ್ತೆಂದು ವೈದ್ಯರು ನುಡಿದಾಗ ಅಕ್ಕ ಬೆಚ್ಚಿದಳು.

ಅವರ ಮಾತಿನಲ್ಲಿ ತಥ್ಯವಿತ್ತು. ಎಲುಬಿನೊಳಗೆ ನೆತ್ತರು ಹರಿಯುತ್ತದೆ. ಆದುದರಿಂದ ಮುರಿದರೂ ಕೂಡುತ್ತದೆ. ಆ ಎಲುಬಿನ ತುದಿಗೆ ಎರಡು-ನಾಲ್ಕು ಮಿಲಿಮೀಟರು ದಪ್ಪನಾಗಿ ಹಾಸಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಒಮ್ಮೆ ಹಾಳಾದರೆ ಅದು ಮರಳಿ ಬಾರದೆಂಬುದನ್ನು ವಿಲಿಯಂ ಹಂಟರ್ 1743ರಲ್ಲಿಯೇ ಬರೆದಿಟ್ಟಿದ್ದ.

ಹುಡುಗನಿಗೆ ಕಸಿ ಮಾಡಿದರು. ಅದೇ ಮೊಣಕಾಲಿನಲ್ಲಿ, ಭಾರ ಹೆಚ್ಚು ಬೀಳದ ಅಂಚಿನಿಂದ, ಎಲುಬುಸಹಿತ ಮೃದ್ವಸ್ಥಿಯ ಸಣ್ಣ ಗೂಟಗಳನ್ನು ತೆಗೆದು ಗಾಯದ ಕುಳಿಯಲ್ಲಿ ನೆಡುವುದು. ಹಂಗೇರಿಯ ಲಾಸ್ಲೊ ಹಂಗೊಡಿ 1992ರಿಂದ ಬಳಕೆಗೆ ತಂದ ವಿಧಾನ. ಕೆಳಗೆ ಎಲುಬಿಗೆ ಎಲುಬು ಕೆಲವು ವಾರಗಳಲ್ಲಿ ಬೆಸೆಯಿತು. ಮೇಲೆ, ಮೃದ್ವಸ್ಥಿಗೂ ಮೃದ್ವಸ್ಥಿಗೂ ನಡುವೆ, ಕೂದಲೆಳೆಯ ಬಿರುಕು ಉಳಿಯಬಹುದಂತೆ. ಹುಡುಗ ಈಗ ನಡೆಯುತ್ತಾನೆ, ಅಖಾಡಕ್ಕಿಳಿಯಲು ಅಪ್ಪಣೆಯಿಲ್ಲ. ಅವನ ಕುಸ್ತಿಯೆಲ್ಲ ಆ ಬಿರುಕಿನ ಮೇಲೆ ನಿಂತಿದೆ.

"ಅಂಟು ಹಚ್ಚಲು ಬಾರದೇ?" ಎಂದು ಭಾವನವರು ಕೇಳಿದರು. ನಗುವ ಪ್ರಶ್ನೆಯಲ್ಲ. ಚಪ್ಪಲಿಗೆ ಹಚ್ಚುವ ಕ್ಷಣಾರ್ಧದ ಅಂಟು ಬಿಗಿಯಾದುದೇನೋ ಹೌದು, ಆದರೆ ಜೀವಕೋಶಗಳಿಗೆ ವಿಷ. ರಕ್ತದ ದ್ರವ್ಯಗಳಿಂದಲೇ ಸಿದ್ಧವಾಗುವ ಫೈಬ್ರಿನ್ ಅಂಟು ಸಾಧುಸ್ವಭಾವದ್ದು. ಫೈಬ್ರಿನೊಜೆನ್ನಿಗೆ ಥ್ರಾಂಬಿನ್ ಸೇರಿದೊಡನೆ, ಗಾಯದ ಮೇಲೆ ನೆತ್ತರು ಹೆಪ್ಪುಗಟ್ಟುವಂತೆಯೇ ಗಟ್ಟಿಯಾಗುತ್ತದೆ. ವೈದ್ಯರು ಅದನ್ನು ಬಳಸುವುದೂ ಉಂಟು. ಆದರೆ ಸದಾ ಒದ್ದೆಯಾಗಿ, ಸದಾ ಉಜ್ಜುತ್ತಿರುವ ಕೀಲಿನಲ್ಲಿ ಅದರ ಹಿಡಿತ ಅಷ್ಟಕ್ಕಷ್ಟೆ. ತೋಯ್ದ ಲಕೋಟೆಗೆ ಅಂಚೆಚೀಟಿ ಹಚ್ಚಿ ನೋಡಿದವರಿಗೆ ಈ ಕಷ್ಟ ತಿಳಿದೀತು.

ಆದುದರಿಂದ ವಿಜ್ಞಾನಿಗಳ ದೃಷ್ಟಿ ಕಡಲಿನ ಕಡೆ ಹೊರಳಿತು. ಅಲೆ ಬಡಿಯುವ ಬಂಡೆಗೆ ನೂಲು ಚಾಚಿ ಕಚ್ಚಿಕೊಳ್ಳುವ ಪಚ್ಚಿಲೆಯ ಗುಟ್ಟು ಡೋಪಾ ಎಂಬ ಅಣುವಿನಲ್ಲಿದೆ. ಅದನ್ನು ಅನುಕರಿಸಿದ ಅಂಟುಗಳು ಪ್ರಯೋಗಶಾಲೆಗಳಲ್ಲಿ ಸಿದ್ಧವಾಗಿವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಎಲಿಸೀಫ್ ಅವರ ತಂಡ 2007ರಲ್ಲಿ ಮೃದ್ವಸ್ಥಿಯದೇ ಘಟಕವಾದ ಕಾಂಡ್ರಾಯ್ಟಿನ್ ಸಲ್ಫೇಟಿನಿಂದ ಅಂಟು ಮಾಡಿತು. ಆ ಅಂಟಿನ ಮೇಲೆ ಜೆಲ್ ಕೂರಿಸಿ 15 ಮಂದಿಯ ಮೊಣಕಾಲಿಗೆ ಚಿಕಿತ್ಸೆ ನಡೆಸಿದ ವರದಿ 2013ರಲ್ಲಿ ಬಂತು.

ನುಡಿಯ ಗೀಳಿನವನಾದ ನನಗೆ ಇಲ್ಲೊಂದು ಸೋಜಿಗ. ಮೃದ್ವಸ್ಥಿಯ ಮುಖ್ಯ ನಾರಿಗೆ ಕೊಲಾಜೆನ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಕೊಲ್ಲ ಎಂದರೆ ಅಂಟು. ಚರ್ಮ-ಎಲುಬುಗಳಲ್ಲಿರುವ ಇದೇ ನಾರನ್ನು ಕುದಿಸಿದರೆ ಬಡಗಿಯ ಸರೇಸು. ಅಂಟಿನ ತಾಯಿಗೇ ಅಂಟು ಹತ್ತದು!

ಹತ್ತಿದರೂ ತೊಡಕು ತಪ್ಪಿದ್ದಲ್ಲ. ಅಂಟು ತೀರ ದಟ್ಟವಾದರೆ ತಾನೇ ಗೋಡೆಯಾಗಿ ಎರಡು ಬದಿಯ ಜೀವಕೋಶಗಳನ್ನು ಅಗಲಿಸುತ್ತದೆ. ಅವು ಹೊಸ ನಾರು ನೇಯುವ ತನಕ ಹಿಡಿದಿದ್ದು, ಬಳಿಕ ಕರಗಿ ಹೋಗಬೇಕು. ಸಂಬಂಧ ಕುದುರಿಸಿದ ಹಿರಿಯರು ಮದುವೆ ಮುಗಿದೊಡನೆ ತಮ್ಮೂರ ಬಸ್ಸು ಹತ್ತುವಂತೆ. ಫೈಬ್ರಿನ್ ಕೆಲವೇ ವಾರಗಳಲ್ಲಿ ಕರಗಿಬಿಡುತ್ತದೆ. ಮೃದ್ವಸ್ಥಿಯ ನೇಯ್ಗೆಗೆ ತಿಂಗಳುಗಳೇ ಬೇಕು.