ಚಾಲಕನ ಅರ್ಹತೆ ಮತ್ತು ಶ್ರಾವಕನ ಹೊಣೆ

ಶಾಲಾವಾಹನಕ್ಕೆ ಚಾಲಕರು ದೊರೆಯುತ್ತಿಲ್ಲವೆಂಬ ಮಾತು ವಿದ್ಯಾಸಂಸ್ಥೆಗಳನ್ನು ನಡೆಸುವ ನಮ್ಮ ಟ್ರಸ್ಟುಗಳ ಸಭೆಗಳಲ್ಲಿ ಪದೇಪದೇ ಕೇಳಿಬರುತ್ತಿದೆ. ನಿಯಮಗಳನ್ನು ಸಡಿಲಿಸಿದರೆ ಕೊರತೆ ನೀಗುವುದೆಂದು ಕೆಲವರು ಹೇಳಿದರೆ, ಅದರಿಂದ ಮಕ್ಕಳ ಪ್ರಾಣಕ್ಕೆ ಸಂಚಕಾರವೆಂದು ಮತ್ತೆ ಕೆಲವರು ವಾದಿಸುತ್ತಾರೆ. ಯಾವ ನಿಯಮವನ್ನು ಸಡಿಲಿಸಬಹುದು, ಯಾವುದನ್ನು ಸಡಿಲಿಸಲಾಗದು ಎಂಬ ವಿವೇಕ ಇಲ್ಲಿ ಮುಖ್ಯವಾದುದು.

ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರವು 2019ರಲ್ಲಿ ತೆಗೆದುಹಾಕಿತು. ಸಾರಿಗೆ ಕ್ಷೇತ್ರದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆಯೆಂದು ಸಚಿವಾಲಯವು ಆಗ ತಿಳಿಸಿತ್ತು. ಈ ಸಡಿಲಿಕೆ ನ್ಯಾಯವಾದುದೆಂದೇ ನನ್ನ ಭಾವನೆ. ನನ್ನ ಅಂಗಡಿಗೆ ಸರಕು ತರುತ್ತಿದ್ದ ಹಿರಿಯ ಲಾರಿ ಚಾಲಕರೊಬ್ಬರು ನಾಲ್ಕನೆಯ ತರಗತಿಯನ್ನೂ ಮುಗಿಸಿದವರಲ್ಲ. ಆದರೆ ಗಾಡಿ ಹೊರಡಿಸುವ ಮುನ್ನ ಚಕ್ರದಡಿ ನಾಯಿಮರಿ ಮಲಗಿದೆಯೇ ಎಂದು ಬಗ್ಗಿ ನೋಡದೆ ಅವರು ಎಂದೂ ಏರಿ ಕುಳಿತವರಲ್ಲ. ಮುನಿಗಳ ಈರ್ಯಾಸಮಿತಿಯ ಛಾಯೆಯನ್ನು ನಾನು ಅವರಲ್ಲಿ ಕಂಡಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ತಂದೆಯ ಲಾರಿಯಲ್ಲಿ ಕ್ಲೀನರನಾಗಿದ್ದ ಅವರ ಮಗನಿಗೆ ಲೈಸೆನ್ಸ್ ದೊರೆತದ್ದು ಈ ಬದಲಾವಣೆಯಿಂದಲೇ.

ಆ ಹುಡುಗನಿಗೆ ಲೈಸೆನ್ಸ್ ಬಂದು ವರ್ಷ ತುಂಬುವ ಮೊದಲೇ ಶಾಲೆಯ ಬಸ್ಸನ್ನು ವಹಿಸೋಣವೆಂದು ನಮ್ಮ ಸಮಿತಿಯ ಸದಸ್ಯರೊಬ್ಬರು ಸೂಚಿಸಿದಾಗ ಮಾತ್ರ ನಾನು ಒಪ್ಪಲಿಲ್ಲ. 1997ರ ನವೆಂಬರಿನಲ್ಲಿ ದೆಹಲಿಯಲ್ಲಿ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು ಅನೇಕ ಮಕ್ಕಳು ಮಡಿದರು. ಮರುತಿಂಗಳು ಸರ್ವೋಚ್ಚ ನ್ಯಾಯಾಲಯವು ಶಾಲಾ ಬಸ್ಸಿನ ಚಾಲಕನಿಗೆ ಭಾರೀ ವಾಹನ ನಡೆಸಿದ ಕನಿಷ್ಠ 5 ವರ್ಷಗಳ ಅನುಭವವಿರಬೇಕೆಂದು ಆದೇಶಿಸಿತು. ತರಗತಿಯ ಷರತ್ತು ಅಕ್ಷರಜ್ಞಾನವನ್ನು ಅಳೆಯುತ್ತದೆ. ಅನುಭವದ ಷರತ್ತು ಎಚ್ಚರವನ್ನು ಅಳೆಯುತ್ತದೆ. ಹಿಂಸೆಯ ಮೂಲ ಪ್ರಮಾದವೆಂದು ತತ್ತ್ವಾರ್ಥಸೂತ್ರವು ಬೋಧಿಸುವುದರಿಂದ, ಎರಡನೆಯದನ್ನು ಕೈಬಿಡುವ ಅಧಿಕಾರ ನಮಗಿಲ್ಲ.

ಹಾಗಾದರೆ ಕೊರತೆಗೆ ಪರಿಹಾರವೇನು? ಅನುಭವಿಗಳು ನಮ್ಮಲ್ಲಿಗೆ ಏಕೆ ಬರುವುದಿಲ್ಲವೆಂದು ಮೊದಲು ಕೇಳಿಕೊಳ್ಳಬೇಕು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೆಲಸ. ನಡುವೆ ಬೇರೆ ದುಡಿಮೆಗೆ ಹೋಗಲು ಬಿಡುವಿಲ್ಲ. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧಗಳೂ ಸೇರಿವೆ. ಇವು ಎತ್ತು ಕತ್ತೆಗಳಿಗಷ್ಟೇ ಸಂಬಂಧಿಸಿದವೆಂದು ತಿಳಿಯಬಾರದು. ಒಬ್ಬನೇ ಚಾಲಕನಿಂದ ಮೂರು ಸುತ್ತು ಹೊಡೆಸುವುದು, ಬಸ್ಸಿನಲ್ಲಿ ಮಕ್ಕಳನ್ನು ಮಿತಿಮೀರಿ ತುಂಬುವುದು ಅತಿಭಾರವೇ. ಎರಡು ತಿಂಗಳ ವೇತನ ತಡೆಹಿಡಿಯುವುದು ಅವನ ಮನೆಯವರ ಅನ್ನಕ್ಕೆ ತಡೆಯೇ.

ಬಹಳ ಚರ್ಚೆಯ ನಂತರ ನಮ್ಮ ಸಮಿತಿಯು ಹನ್ನೆರಡು ತಿಂಗಳೂ ಸಂಬಳ ಕೊಡಲು, ಮಧ್ಯಾಹ್ನದ ಹೊತ್ತಿಗೆ ಉಗ್ರಾಣದ ಕೆಲಸ ಒದಗಿಸಲು ಒಪ್ಪಿತು. ದೂರದ ಊರುಗಳಿಗೆ ಹೋಗಿ ದಣಿದಿದ್ದ ಆ ಹಿರಿಯರೇ ಬಸ್ಸು ನಡೆಸಲು ಮುಂದೆ ಬಂದರು. ಮಗ ಲಾರಿಯಲ್ಲಿ ಅನುಭವ ಗಳಿಸುತ್ತಿದ್ದಾನೆ. ವೆಚ್ಚ ಹೆಚ್ಚಿತೆಂಬ ಆಕ್ಷೇಪ ಈಗಲೂ ಇದೆ. ವಾರ್ಷಿಕೋತ್ಸವದ ಶಾಮಿಯಾನ, ದೀಪಾಲಂಕಾರಗಳಲ್ಲಿ ಒಂದಿಷ್ಟು ಉಳಿಸಿದರೆ ಆ ಹೊರೆ ದೊಡ್ಡದಲ್ಲ.

ಲೈಸೆನ್ಸಿನ ನಿಯಮ ಸರ್ಕಾರದ್ದು. ಅನ್ನದ, ವಿಶ್ರಾಂತಿಯ ನಿಯಮ ನಮ್ಮದು. ಮೊದಲನೆಯದನ್ನು ಸಡಿಲಿಸಿರೆಂದು ಕೇಳುವ ಮುನ್ನ ಎರಡನೆಯದನ್ನು ಪಾಲಿಸುವುದು ಶ್ರಾವಕಧರ್ಮ.